ಸೌಂಡು ಸಾಲ್ದು

ಮಂಡಿಪೇಟೆಯ ಮೆಟ್ಟಿಲ ಕೆಳಗೆ,
ಕೊಡೆ ಬಿಚ್ಚಿದರೆ ತುಂಬಿಹೋಗುವ ನನ್ನ ಅಂಗಡಿ ಮುಂದೆ
ಯೆಜ್ಡಿ ನಿಲ್ಲಿಸಿ, ಎಂಜಿನ್ನು ಆರಿಸದೆಯೇ
ಕೂಗಿದರು ಮುರಿಗೆಪ್ಪ:
'ಸೌಂಡು ಸಾಲ್ದು ಕಣಮ್ಮ.'

ಎದೆಜೇಬಿನಿಂದ ತೆಗೆದದ್ದು
ಬೆಂಕಿಪೊಟ್ಟಣದಷ್ಟು ಪ್ಲೇಯರು,
ರಬ್ಬರ್‌ಬ್ಯಾಂಡು ಸುತ್ತಿದ್ದು, ಬೆವರಿಗೆ ಗುಂಡಿಯ ಗುರುತು ಅಳಿಸಿದ್ದು.
ಹ್ಯಾಂಡಲ್ಲಿಗೆ ಬಿಗಿದ ಎರಡು ಸ್ಪೀಕರು,
ಒಂದರ ಜಾಲರಿಯಲ್ಲಿ ಸತ್ತ ಜೇನ್ನೊಣ.

ಮೊದಲು ಸುಲಭದ್ದು ನೋಡಬೇಕು, ಯಾವಾಗಲೂ.
ಜಾಕಿನ ತೂತಿಗೆ ಪಿನ್ನು ಹಾಕಿ ಕೆದಕಿದೆ.
ಬೀಡಿಯ ಪುಡಿ ಬಂತು, ಹಿಂದೆಯೇ ಒಂದೆಳೆ ಹತ್ತಿ.
ಮಿಲ್ಲು ಮುಚ್ಚಿ ಎಷ್ಟು ಕಾಲವಾಯಿತು,
ಆ ಜೇಬಿನಲ್ಲಿನ್ನೂ ಹತ್ತಿ.
ಹಚ್ಚಿದೆ. ಕೊಂಚ ಏರಿತು.
'ಸಾಲ್ದು.'

ಇದು ಕಿವಿಯೊಳಗೆ ಗುಟ್ಟು ಹೇಳಲು ಹುಟ್ಟಿದ ದನಿ,
ಇದರ ಮೇಲೆ ಎರಡು ಸ್ಪೀಕರು ಹೊರಿಸಿದರೆ
ಎಳೆಗರುವಿಗೆ ನೊಗ ಇಟ್ಟ ಹಾಗೆ, ಅಂದೆ.
ಕೇಳಿಸಲಿಲ್ಲ. ಇನ್ನೊಮ್ಮೆ ಅಂದೆ.
ರೇಟು ಹೇಳಿದೆನೆಂದುಕೊಂಡು
'ಇನ್ನೂರಕ್ಕೆ ಮಾಡವ್ವ' ಅಂದರು.

ಸೀಟಿನ ಕೆಳಗೆ ಎರಡಿಂಚಿನ ಆಂಪ್ಲಿಫೈಯರ್ ಬೋರ್ಡು,
ಮುದಿ ಬ್ಯಾಟರಿಯಿಂದ ಫ್ಯೂಸು ದಾಟಿ ಬಂದ ಕೆಂಪು ವೈರು.
ಆಕ್ಸಿಲರೇಟರ್ ತಿರುವಿದೆ:
ದನಿಯ ಬೆನ್ನಿಗೆ ಸೊಳ್ಳೆಯೊಂದು ಕೂತು
ಎಂಜಿನ್ನು ಏರಿದರೆ ಏರುತ್ತದೆ, ಇಳಿದರೆ ಇಳಿಯುತ್ತದೆ.
ಅರ್ತು ಬಿಚ್ಚಿ, ಚಾಸಿಯ ಬಣ್ಣ ಉಪ್ಪುಕಾಗದದಲ್ಲಿ ಉಜ್ಜಿ
ಬರೀ ಕಬ್ಬಿಣ ಕಂಡ ಮೇಲೆ ಮತ್ತೆ ಬಿಗಿದೆ.
ಸೊಳ್ಳೆ ಸತ್ತಿತು.
ಎದುರಿನ ಬಳೆ ಅಂಗಡಿಯ ಸಬೀಹಾ ಕಿವಿ ಮುಚ್ಚಿಕೊಂಡಳು.
ಮುರಿಗೆಪ್ಪ ಮಾತ್ರ ಸ್ಪೀಕರಿಗೆ ಕೆನ್ನೆ ಕೊಟ್ಟು,
ಕದ ತಟ್ಟಿ ಕಾಯುವವರ ಹಾಗೆ ಬಗ್ಗಿ ನಿಂತರು.
'ಸಾಲ್ದು.'

ಆಗ ತಿಳಿಯಿತು.
ಸ್ಪಿನ್ನಿಂಗ್ ಖಾತೆ, ಇಪ್ಪತ್ತಾರು ವರ್ಷ, ಹೆಚ್ಚಿನದೆಲ್ಲ ರಾತ್ರಿ ಪಾಳಿ.
ಆ ಕದಿರುಗಳು ನೂಲು ತೆಗೆದದ್ದು
ಹತ್ತಿಯಿಂದಷ್ಟೇ ಅಲ್ಲ.

ಅದರಲ್ಲಿದ್ದದ್ದು ಸಿನಿಮಾ ಹಾಡಲ್ಲ.
ಭರಮಸಾಗರದ ಕಡೆ ಯಾವುದೋ ಹಳ್ಳಿಯ ಗರಡಿಯಲ್ಲಿ
ದೊಡ್ಡಾಟದ ತಾಲೀಮು. ಮದ್ದಳೆ, ತಾಳ, ನಾಯಿಯ ಬೊಗಳು,
ಸೇನಾಪತಿ ಮಾತು ಮರೆತು ಬೈಸಿಕೊಳ್ಳುವುದು.
ಬೈಯುವ ಮಾಸ್ತರು ಇವರೇ.
ವಾರಕ್ಕೆರಡು ಸಲ ಹೋಗಿಬರುವ ದಾರಿಯಲ್ಲಿ
ಕೇಳಿ ತಪ್ಪು ಹಿಡಿಯಬೇಕು.
'ಹುಡುಗ್ರಿಗೆ ಗೊತ್ತಾಗ್ಬಾರ್ದು ಕಣಮ್ಮ,'
ಅಂದದ್ದು ಇಡೀ ಪೇಟೆಗೆ ಕೇಳಿಸಿತು.

ನನಗೆ ಉಪಾಯವೇನೂ ಹೊಳೆದಿರಲಿಲ್ಲ.
ಕೈಸೋತು ಸ್ಪೀಕರೊಂದನ್ನು ಬಿಚ್ಚಿ
ಟ್ಯಾಂಕಿನ ಮೇಲೆ ಇಟ್ಟೆನಷ್ಟೇ.
ಅದರ ಆಯಸ್ಕಾಂತ ತಗಡನ್ನು ಕಚ್ಚಿಕೊಂಡಿತು.
ಸೀಟಿನ ಮೇಲಿದ್ದರಲ್ಲ,
ಅವರ ಮೊಣಕಾಲಿಗೆ ಮೊದಲು ಕೇಳಿಸಿತು.
'ತಡಿ' ಅಂದರು. ಎರಡೂ ಅಂಗೈ ಒತ್ತಿದರು.
ಆಮೇಲೆ, ನನ್ನ ಕಡೆ ನೋಡದೆ:
'ಮದ್ದಳೆಯೋನು ಅರ್ಧ ಪೆಟ್ಟು ಹಿಂದೆ.'

ಪೆಟ್ರೋಲಿನ ಪಕ್ಕ ಕರೆಂಟು, ಹುಷಾರು ಎಂದು
ಮೂರು ಸುತ್ತು ಟೇಪು ಸುತ್ತಿ ಕಳಿಸಿದೆ.

ಹದಿನೈದು ದಿನ ಬಿಟ್ಟು ಬಂದರು,
ಐವತ್ತು ಬಾಕಿ ಕೊಡಲಿಕ್ಕೆ, ಒಂದು ದೂರು ಹೇಳಲಿಕ್ಕೆ.
ಟ್ಯಾಂಕು ತುಂಬಿದ್ದರೆ ದನಿ ಮಂಕಂತೆ, ಕಂಬಳಿ ಹೊದ್ದು ಮಲಗಿದ ಹಾಗೆ.
ಆನಗೋಡು ದಾಟಿದ ಮೇಲೆ ತಾಳ ಬಿಡಿಸಿಕೊಳ್ಳುತ್ತದಂತೆ.
ಅದಕ್ಕೆ ಈಗೀಗ ಅರ್ಧ ಲೀಟರಷ್ಟೇ ಹಾಕಿಸುವುದು,
ಬಂಕಿನ ಹುಡುಗ ಜಿಪುಣ ಅನ್ನಲಿ ಬಿಡು.

ಮೊನ್ನೆ ರಾತ್ರಿ ಹೈವೇಯಲ್ಲಿ ಪೂರ್ತಿ ಖಾಲಿಯಾಗಿ
ಪೆಟ್ರೋಲು ತರುವವರಿಗೆ ಕಾಯುತ್ತ ನಿಂತು,
ದೂರದ ಗುಡ್ಡದಲ್ಲಿ ಗಾಳಿಕಂಬಗಳ ಕೆಂಪು ದೀಪ ಎಣಿಸಿ ಬೇಜಾರಾಗಿ,
ಬಗ್ಗಿ ಟ್ಯಾಂಕಿಗೆ ದವಡೆ ಇಟ್ಟರಂತೆ.
ಲಾರಿಗಳು ಹಾಯುತ್ತಲೇ ಇದ್ದವು.
ಮದ್ದಳೆಯಷ್ಟೇ ಅಲ್ಲ, ಅವತ್ತು ಮಾತೂ ಬಂತು,
ಅಕ್ಷರ ಅಕ್ಷರ, ಹಲ್ಲಿನ ಬುಡದಿಂದ.

ಅಂಗಡಿ ಮುಂದೆ ನಿಂತು,
ಮೊದಲ ಸಲ ಎಂಜಿನ್ನು ಆರಿಸಿ,
ಮೆಲ್ಲಗೆ ಕೇಳಿದರು:
'ಅಷ್ಟು ಕೆಟ್ಟದಾಗಿ ಬೈತೀನಾ ನಾನು?'