ದೋಣಿಯೆಂಬ ಊರಿನಲ್ಲಿ

ಊರಿನ ಹೆಸರು ವೂಚ್. ಪೋಲಿಷ್ ಮಾತಿನಲ್ಲಿ ದೋಣಿ ಅಂತ ಅರ್ಥ.
ನಗರಸಭೆಯ ಮೊಹರಿನಲ್ಲಿ ದೋಣಿ, ಟ್ರಾಮಿನ ಹೊಟ್ಟೆಯ ಮೇಲೆ ದೋಣಿ,
ನನ್ನ ಸಂಬಳದ ಚೀಟಿ ಬರುವ ಲಕೋಟೆಯ ಮೂಲೆಯಲ್ಲೂ
ಒಂದೇ ಹುಟ್ಟಿನ ಒಂಟಿ ದೋಣಿ.
ಹೊಳೆ ಮಾತ್ರ ಕಾಣೆ.

ಕಾಣೆ, ಅಷ್ಟೇ. ಸತ್ತಿಲ್ಲ.
ಮೇಜಿನ ಮೇಲಿನ ನಕ್ಷೆಯಲ್ಲಿ ಹದಿನೆಂಟೋ ಹತ್ತೊಂಬತ್ತೋ ಇವೆ
ನೀಲಿ ಚುಕ್ಕೆಗೆರೆಗಳಾಗಿ:
ಔಷಧದಂಗಡಿಯ ಕೆಳಗೆ ಒಂದು ತಿರುವು,
ಬಸ್ ಡಿಪೋದ ಕೆಳಗೆ ಎರಡು ಕೂಡುವ ಸಂಗಮ,
ಯಾರೂ ಮೀಯದ್ದು.

"ನೀರು ನೋಡಿ ಹೇಳುತ್ತಿದ್ದೆವು," ಅನ್ನುತ್ತಾಳೆ
ಮೂರನೇ ಮಹಡಿಯ ಬ್ರೊನಿಸ್ವಾವಾ, ತೊಂಬತ್ತೊಂದು ವಯಸ್ಸು,
"ಗಿರಣಿಯಲ್ಲಿ ಇವತ್ತು ಯಾವ ಬಟ್ಟೆಗೆ ಬಣ್ಣ ಅಂತ.
ಸೋಮವಾರ ಕೆಂಪು. ಗುರುವಾರ ಒಂಥರಾ ಹಸಿರು.
ನಮ್ಮ ಬಾತುಗಳು ಒಂದು ಚಳಿಗಾಲವಿಡೀ ನೀಲಿ.
ಹೊಳೆ ಮುಚ್ಚಿದಾಗ ಅಮ್ಮ ಶಿಲುಬೆಯ ಗುರುತು ಹಾಕಿ
ಸದ್ಯ, ನಾತ ಹೋಯಿತು ಅಂದಳು."

ಆ ಮಾತನ್ನು ನನ್ನ ವರದಿಯಲ್ಲಿ ಹಾಕಿದ್ದೆ.
ಮೇಲಧಿಕಾರಿ ಕೆಂಪು ಗೆರೆ ಎಳೆದರು: ಅಪ್ರಸ್ತುತ.

ಮೊದಲು ಕೊಳವೆಯೊಳಕ್ಕೆ ಕ್ಯಾಮೆರಾ ಬಿಟ್ಟೆವು.
ಒಂದು ಬೂಟು. ಒಂದು ಕದಿರು. ಇಟ್ಟಿಗೆಗಂಟಿದ ಬಿಳಿ ಉಪ್ಪು.
ನಾನೂರು ಮೀಟರಿನವರೆಗೂ ಒಣ ಗಂಟಲು.
ಹೊಳೆಯನ್ನು ಕೂಡಿಹಾಕಿದ್ದೇವೆ, ಬೀಗ ತೆಗೆದರೆ ಬಂದೀತು ಅಂದುಕೊಂಡಿದ್ದೆ.
ತೆಗೆದರೆ ಮನೆ ಖಾಲಿ.
ಸೂರಿನ ನೀರು ಚರಂಡಿ ಹಿಡಿದು ದೂರಕ್ಕೆ ಓಡುವಾಗ
ನೆಲಕ್ಕೆ ಒಂದು ಗುಟುಕಿಲ್ಲ. ಒರತೆ ಎಲ್ಲಿಂದ ಬರಬೇಕು?
ಆ ರಾತ್ರಿ ಯೋಜನೆಯ ಚಿತ್ರದಿಂದ
ಬಾತುಕೋಳಿಗಳನ್ನು ಒಂದೊಂದಾಗಿ ಅಳಿಸಿದೆ.
ಹೊಳೆಯ ಜಾಗದಲ್ಲಿ ಅಂಗಳಗಳನ್ನು ಬರೆದೆ.

ಮೊದಲ ಅಂಗಳ ಇದು.
ಟಾರು ಎಬ್ಬಿಸಲು ಹಾರೆ ಹಿಡಿದು ಬಂದವನು ಜೆನೋನ್.
ಎಪ್ಪತ್ತಮೂರರಲ್ಲಿ ಇದನ್ನು ಹಾಸಿದವನೂ ಅವನೇ.
"ನೋಡಿ ಕೆಲಸ. ಐವತ್ತು ವರ್ಷ, ಒಂದು ಹುಲ್ಲೆಸಳು ಏಳಗೊಟ್ಟಿಲ್ಲ."
ಹೆಮ್ಮೆಯಿಂದಲೇ ಅಂದ. ಹೆಮ್ಮೆಯಿಂದಲೇ
ಮೊದಲ ಏಟು ಹಾಕಿದ.
ಕೆಳಗಿನ ಮಣ್ಣು ಬೂದಿ ಬಣ್ಣ, ವಾರದ ಹಿಂದಿನ ರೊಟ್ಟಿಯಂತೆ ಬಿರುಸು.
ಒಂದು ಬಕೆಟ್ ನೀರು ಸುರಿದೆವು. ಮೇಲೇ ನಿಂತಿತು
ಕರೆಯದ ನೆಂಟನ ಹಾಗೆ.
ಕುಡಿಯುವುದೇ ಮರೆತಿತ್ತು ನೆಲ.
ಎಲೆಗೊಬ್ಬರ, ಇಟ್ಟಿಗೆ ಚೂರು, ಜೊಂಡು, ವಿಲೋ ಕಡ್ಡಿ,
ಎರೆಹುಳುಗಳ ಒಂದು ಡಬ್ಬಿ;
ಕೂಸಿಗೆ ಗುಟುಕು ಕಲಿಸಿದಂತೆ ಎರಡು ವಸಂತ.

ಎರಡನೇ ಮಹಡಿಯ ಲುದೊಮಿರ್ ಒಪ್ಪಿರಲಿಲ್ಲ.
"ನನ್ನ ಕಾರೆಲ್ಲಿ ನಿಲ್ಲಿಸಲಿ?" ನ್ಯಾಯವಾದ ಪ್ರಶ್ನೆ.
ನನ್ನ ಬಳಿ ಉತ್ತರವಿರಲಿಲ್ಲ, ಕರಪತ್ರವಿತ್ತು.
ಥರ್ಮಾಸಿನಲ್ಲಿ ಚಹಾ ತುಂಬಿಕೊಂಡು ಮೂರು ದಿನ
ಕಾರಿನೊಳಗೇ ಕೂತ. ಸುತ್ತಲೂ ಅಗೆದೆವು.
ಕೊನೆಗೆ ಅಂಗಳದ ನಡುವೆ ಅವನ ಪಾಲಿನ ಟಾರು,
ಒಂದು ಕಾರಿನಷ್ಟು ಉದ್ದ, ಒಂದು ಕಾರಿನಷ್ಟು ಅಗಲ,
ಗೇಟಿನವರೆಗೆ ಎರಡು ಹಲಗೆ.

ಜುಲೈನಲ್ಲಿ ಆ ಮಳೆ ಬಂತು.
ಬೀದಿಯ ಮೋರಿಗಳು ವಾಂತಿ ಮಾಡಿದವು, ನೆಲಮಾಳಿಗೆಗಳು ತುಂಬಿದವು.
ನಮ್ಮ ತಗ್ಗಿನಲ್ಲಿ ಸೂರುಗಳ ನೀರೆಲ್ಲ ಸೇರಿ
ಜೊಂಡಿನ ನಡುವೆ ಅಲೆಯೆದ್ದು,
ಅದರ ಮಧ್ಯೆ ಲುದೊಮಿರನ ಹಳದಿ ಸ್ಕೋಡಾ:
ದೋಣಿಯೆಂಬ ಊರಿನಲ್ಲಿ
ನಾನು ಕಂಡ ಮೊದಲ ದೋಣಿ.
ಕಿಟಕಿಗಳೆಲ್ಲ ನಕ್ಕವು. ಅವನೂ ನಕ್ಕ,
ಪ್ಯಾಂಟು ಮಡಚಿ ಇಳಿಯುತ್ತ.

ಬೆಳಗ್ಗೆ ನೋಡಿದರೆ ನೀರಿಲ್ಲ.
"ಎಲ್ಲಿ ಹೋಯಿತು?" ಮಕ್ಕಳಿಗೆ ಬೇಸರ.
ಹೋಗಲಿಲ್ಲ. ಇಂಗಿತು.
ಜೆನೋನ್ ಮಣ್ಣಿನೊಳಕ್ಕೆ ಮೊಣಕೈವರೆಗೆ ಕೈ ತೂರಿಸಿ
ಬಹಳ ಹೊತ್ತು ಹಾಗೇ ಕೂತಿದ್ದ.
ಆಮೇಲೆ ತಣ್ಣಗಿದೆ ಅಂದ, ನನಗಲ್ಲ.
ಅಳತೆಗೆಂದು ಕೊರೆದ ಗುಂಡಿಯ ತಳದಲ್ಲಿ
ನಾಲ್ಕು ಬೆರಳು ನೀರು.

ಪಟ್ಟಿಯಲ್ಲಿ ಇನ್ನೂ ಇನ್ನೂರ ಹನ್ನೊಂದು ಅಂಗಳಗಳಿವೆ.
ಹೊಳೆ ನನ್ನ ಕಾಲಕ್ಕೆ ಬರಲಾರದು. ಲೆಕ್ಕ ಹಾಕಿದ್ದೇನೆ.

ಮೂರನೇ ಮಹಡಿಯ ಕಿಟಕಿ ತೆರೆಯಿತು.
"ಇವತ್ತು ಯಾವ ಬಣ್ಣ?"
ಬಣ್ಣವಿಲ್ಲ, ಎಂದೆ.
ಆಕೆ ನಂಬಲಿಲ್ಲ. ಗಿರಣಿಯ ಹಳೇ ನೂಲಿಗೆ ಕಟ್ಟಿ
ಒಂದು ಬಿಳಿ ಪಿಂಗಾಣಿ ಲೋಟವನ್ನು
ಕೆಳಗಿಳಿಸಿದಳು.