ಉದ್ದಿನ ಗದ್ದೆಯಲ್ಲಿ ಇಳಿದದ್ದು

ಮೊದಲು ಹೋದದ್ದು ಸದ್ದು.
ಹೋದದ್ದು ಎಂಜಿನ್ನೆಂದು ಆಮೇಲೆ ತಿಳಿಯಿತು.

ಕೆಮ್ಮಣ್ಣಿನ ಮೇಲೆ ಮುನ್ನೂರು ಅಡಿ.
ಎಡಕ್ಕೆ ಸ್ವರ್ಣೆ, ಬಲಕ್ಕೆ ತೆಂಗಿನ ತಲೆಗಳು,
ಕೆಳಗೆ ಆಟೋರಿಕ್ಷಾದಿಂದ ಬಿಚ್ಚಿದ ಸೀಟು,
ಅದರ ಕೆಳಗೆ ಏನೂ ಇಲ್ಲ.
ನಾಲ್ಕು ವರ್ಷ, ಬೊನಿಫಾಸನ ಶೆಡ್ಡು,
ವಾರಿಜಳ ಎರಡು ಬಳೆ:
ಎಲ್ಲವೂ ಒಮ್ಮೆಗೇ ಮೌನವಾದವು.

ಮಲ್ಪೆಯಲ್ಲಿ ಇಪ್ಪತ್ತೆರಡು ವರ್ಷ
ಬೋಟಿನ ಎಂಜಿನ್ ಬಿಚ್ಚಿ ಕಟ್ಟಿದವನು ನಾನು.
ನಡುಗಡಲಲ್ಲಿ ಅದು ಸತ್ತರೆ
ಲಂಗರು ಬಿಡುತ್ತಾರೆ, ಬೀಡಿ ಹಚ್ಚುತ್ತಾರೆ,
ತಂಡೇಲ ಎಂಜಿನ್ನಿನ ತಾಯಿಯನ್ನು ಬಯ್ಯುತ್ತಾನೆ,
ಆಮೇಲೆ ಫೋನಿನಲ್ಲಿ ನನ್ನ ತಾಯಿಯನ್ನು.
ಇಲ್ಲಿ ಲಂಗರು ಬಿಟ್ಟರೆ
ಯಾರದೋ ಹಂಚು ಒಡೆದೀತು, ಅಷ್ಟೇ.

ಎಡಗೈಯ ಕೋಲು ಕೆಳಗೆ.
ಕೈ ನನ್ನನ್ನು ಕೇಳಲಿಲ್ಲ.

ನೆಲ ಮೇಲೇರಿ ಬರುವಾಗ ಎತ್ತು ಎತ್ತು ಎನ್ನುತ್ತದೆ ಜೀವ.
ಎತ್ತಿದವನು ಕಲ್ಲು.
ಒತ್ತಬೇಕು, ಬೀಳುತ್ತೇನೆಂದು ಒಪ್ಪಬೇಕು.
ರಾತ್ರಿ ಮಂಚದಲ್ಲಿ ಕೊಡೆ ಹಿಡಿದು
ಸಾವಿರ ಸಲ ಒತ್ತಿದ್ದೆ ಹೀಗೆ;
ವಾರಿಜ ಗೋಡೆಗೆ ತಿರುಗಿ ಮಲಗುತ್ತಿದ್ದಳು.

ಆಗ ಕೆಳಗಿನಿಂದ ಗಾಳಿ ಬಂತು,
ರೆಕ್ಕೆಗೆ ಹೆಗಲು ಕೊಟ್ಟಿತು.
ಬೀಳುವುದರಿಂದಲೇ ತಿರುಗುತ್ತಿತ್ತು ಅದು,
ಗೆರಸೆಯಲ್ಲಿ ಅಕ್ಕಿ ಕೇರುವಂಥ ಸಣ್ಣ ಸದ್ದಿನಲ್ಲಿ.
ಅದರ ಸಂದಿಯಲ್ಲಿ ಊರು ಕೇಳಿಸಿತು:
ಇಗರ್ಜಿಯ ಗಂಟೆ, ಒಂದು ನಾಯಿ,
ಯಾರದೋ ಅಡುಗೆಮನೆಯ ಮಿಕ್ಸಿ.
ಚಟ್ನಿಗೆ ಕಾಯಿ ಹಾಕಿದ್ದಾರೆ ಎಂದುಕೊಂಡೆ.
ಹದಿಮೂರು ಸೆಕೆಂಡಿನಲ್ಲಿ ಒಂದನ್ನು ಅದಕ್ಕೆ ಕಳೆದೆ.

ಹೊಳೆ ಬೇಡ. ರಸ್ತೆಗೆ ಕರೆಂಟಿನ ತಂತಿ.
ಶಾಲೆಯ ಮೈದಾನದಲ್ಲಿ ಆದಿತ್ಯವಾರದ ಹುಡುಗರು,
ಒಬ್ಬ ಬೌಲಿಂಗಿಗೆ ಓಡಿಬರುತ್ತಿದ್ದ.
ಅದರಾಚೆ ಹಸುರು, ಚೌಕ, ಗಿಡ್ಡ.

ನಲವತ್ತು ಅಡಿಯಲ್ಲಿ ಮೂಗೆತ್ತಿದೆ, ಓಟ ಸತ್ತಿತು.
ಆರು ಅಡಿಯಲ್ಲಿ ಕೋಲು ಎಳೆದೆ, ಪೂರ್ತಿ.
ರೆಕ್ಕೆಯಲ್ಲಿ ಉಳಿದ ಸುತ್ತೆಲ್ಲ ಅಲ್ಲೇ ಖರ್ಚು,
ತಂಗಿಯ ಮದುವೆಗೆ ಸೊಸೈಟಿಯ ಠೇವಣಿ ಮುರಿದ ಹಾಗೆ.
ಬಾಲ ಬದುವಿಗೆ ತಾಗಿತು. ಎಡಗಾಲಿನ ಪೈಪು ಬಾಗಿತು.
ಕೂತಿತು.

ಅಕ್ಕು ಪೂಜಾರ್ತಿ ಕತ್ತಿ ಹಿಡಿದೇ ಬಂದರು.
“ಜೀವ ಉಂಟಾ?”
“ಉಂಟು.”
“ಹಾಗಾದರೆ ಈಚೆಯಿಂದ ಇಳಿ.
ಆಚೆಯದ್ದು ಕಾಯಿ ಕಟ್ಟಿದೆ.”

ಬೆಲ್ಲ, ನೀರು ಕೊಟ್ಟರು.
ನಾನು ಕುಡಿದು ಮುಗಿಸುವ ಮೊದಲೇ
ಮುರಿದ ಗಿಡದ ಲೆಕ್ಕ ಮುಗಿಸಿದ್ದರು. ಎರಡು ಸೇರು ಉದ್ದು.
ಹೇಳಿದ ದರ ಪೇಟೆಗಿಂತ ಹೆಚ್ಚು. ಚೌಕಾಸಿ ಮಾಡಲಿಲ್ಲ.

ಬೊನಿಫಾಸ್ ಸ್ಕೂಟರಿನಲ್ಲಿ ಬಂದು
ಟ್ಯಾಂಕಿನ ಮುಚ್ಚಳ ತಿರುಗಿಸಿದ.
ಉಸ್ಸೆಂದಿತು, ಎಷ್ಟೋ ಹೊತ್ತು ಉಸಿರು ಕಟ್ಟಿದವರಂತೆ.
ಗಾಳಿಯಾಡಲು ನಾವು ಕೊರೆದ ತೂತು,
ಬೆಂಕಿಕಡ್ಡಿ ದಪ್ಪದ್ದು,
ಕೆಮ್ಮಣ್ಣಿನಿಂದ ಮುಚ್ಚಿತ್ತು.
ಕುಂಬಾರ ಹುಳ.
ನಾಲ್ಕು ದಿನ ಶೆಡ್ಡಿನಲ್ಲಿ ನಿಲ್ಲಿಸಿದ್ದೆವು; ಅದಕ್ಕೆ ಸಾಕಾಯಿತು.
ಗೋಡೆ ನಯ, ಅಂಚು ದುಂಡಗೆ, ಒಳಗೆ ಒಂದು ಜೇಡವನ್ನು
ಮರಿಗೆಂದು ಮಡಚಿ ಇಟ್ಟಿತ್ತು.

ಬೊನಿಫಾಸ್ ಅದನ್ನು ಅಂಗೈಯಲ್ಲಿ ತಿರುಗಿಸಿ ನೋಡಿದ,
ಬಾಗಿದ ಪೈಪನ್ನೂ ನೋಡಿದ.
“ಒಳ್ಳೆ ಕೆಲಸ” ಎಂದ.
ಯಾರದ್ದೆಂದು ನಾನು ಕೇಳಲಿಲ್ಲ.

ಆ ರಾತ್ರಿ ಎಡಗೈ ಮಲಗಲಿಲ್ಲ,
ಹಾಸಿಗೆಯನ್ನು ಒತ್ತುತ್ತಲೇ ಇತ್ತು.
ವಾರಿಜ ಎದ್ದು ದೀಪ ಹಾಕಿದಳು.
ಏನೂ ಹೇಳದೆ ಮೂಲೆಯ ಕೊಡೆ ತೆಗೆದು
ಅಟ್ಟಕ್ಕೆ ಎಸೆದಳು.