ಎಂಬತ್ತು, ಎಂಬತ್ತು, ಎಂಬತ್ತು

ರಾಯದುರ್ಗದ ಮೇ ತಿಂಗಳ ಮಧ್ಯಾಹ್ನ
ಕಂಪ್ಯೂಟರಿನ ಫ್ಯಾನೂ ಬಿಸಿಗಾಳಿಯನ್ನೇ ಉಗುಳುತ್ತದೆ.
ಕೆಳಗೆ ಹದಿನಾರು ಹೊಲಿಗೆ ಮಿಷನ್ನು,
ಮೇಲೆ ತಗಡಿನ ಸೂರಿನಡಿ ನಾನು,
ತಿಪ್ಪೇಸ್ವಾಮಿಯ ಜೀನ್ಸಿಗೆ
ವೆಬ್‌ಸೈಟಿನಲ್ಲೊಂದು ಅಂಗಡಿ ಕಟ್ಟುತ್ತಾ.

ಅವನು ಕೇಳಿದ್ದು ಇಷ್ಟೆ:
'ಎಡಗಡೆ ನಮ್ಮ ಬಟ್ಟೆಯ ನೀಲಿ,
ಬಲಗಡೆ ನಮ್ಮ ದಾರದ ಹಳದಿ.
ಒಂದರೊಳಗೊಂದು ಕರಗಿದಂಗೆ ಇರಬೇಕು ನೋಡಮ್ಮ,
ಸಕ್ಕರೆ ಕರಗಿದಂಗೆ.'
ಗಾಳಿಗೇ ಕೈಯಿಂದ ಬಳಿದು ತೋರಿಸಿ
ಬಳ್ಳಾರಿ ಬಸ್ಸು ಹಿಡಿಯಲು ಓಡಿದ.

ಎರಡು ತುದಿಗೆ ಎರಡು ಬಣ್ಣ ಕೊಟ್ಟು
ಬೆರೆಸು ಎಂದೆ.

ನಡುವೆ ಬಂದದ್ದು ಬೂದು.

ಮೂರು ದಿನ ಪಾತ್ರೆ ಒರೆಸಿದ ಬಟ್ಟೆಯ ಬಣ್ಣ.
ತಪ್ಪು ನನ್ನದೇ ಇರಬೇಕೆಂದು
ಕಲಬೆರಕೆಯಿಲ್ಲದ ನೀಲಿ,
ಕಲಬೆರಕೆಯಿಲ್ಲದ ಹಳದಿ ಹಾಕಿ ನೋಡಿದೆ.
ಈಗ ಇನ್ನೂ ಪಕ್ಕಾ ಬೂದು:
ಕೆಂಪು ಅರ್ಧ, ಹಸಿರು ಅರ್ಧ, ನೀಲಿ ಅರ್ಧ.
ಕೋಡಿನಲ್ಲಿ ಓದಿದರೆ
ಎಂಬತ್ತು, ಎಂಬತ್ತು, ಎಂಬತ್ತು,
ಸಂತೆಯಲ್ಲಿ ಚೌಕಾಸಿಗೆ ಜಗ್ಗದವಳ ದನಿ.

ನ್ಯಾಯವೇ ಅದು.
ಇದರಲ್ಲರ್ಧ, ಅದರಲ್ಲರ್ಧ ತೆಗೆದು
ಯಾರಿಗೂ ಮೋಸವಾಗದಂತೆ ಹಂಚಿದರೆ
ಎರಡರಲ್ಲೂ ಇಲ್ಲದ್ದೊಂದು ಉಳಿಯುತ್ತದೆ,
ಅದನ್ನು ಯಾರೂ ಮನೆಗೊಯ್ಯುವುದಿಲ್ಲ.

ಟೀ ತಂದ ಮಾಬುನ್ನಿ ಹಿಂದೆ ನಿಂತು ನೋಡಿದಳು.
ಜೇಬು ಹೊಲಿಯುವವಳು.
ಬೆರಳ ತುದಿಯಿಂದ ಮುಂಗೈವರೆಗೆ ನೀಲಿ,
ಹಬ್ಬದ ಮೆಹೆಂದಿಯೂ ಅದರ ಮುಂದೆ ಸೋಲುತ್ತದೆ.
ಕನ್ನಡದಲ್ಲಿ ಶುರುಮಾಡಿದ ಮಾತನ್ನು
ತೆಲುಗಿನಲ್ಲಿ ಮುಗಿಸುತ್ತಾಳೆ,
ನಡುವೆ ಎಲ್ಲಿ ದಾಟಿದಳೆಂದು
ನನಗೆ ಇವತ್ತಿನವರೆಗೂ ಹಿಡಿಯಲಾಗಿಲ್ಲ.

'ನೀಲಿ ಹಳದಿ ಸೇರಿದ್ರೆ ಹಸಿರು ಕದಾ,
ಮೂರನೇ ಕ್ಲಾಸಿನ ಹುಡುಗನ್ನ ಕೇಳು.'

ಅದು ಡಬ್ಬಿಯ ಬಣ್ಣದ ಮಾತು ಮಾಬುನ್ನಿ,
ಇದು ಬೆಳಕು, ಎಂದೆ.
ಇಲ್ಲಿ ಕೆಂಪಿಗೆ ಹಸಿರು ಸುರಿದರೆ ಹಳದಿ ಹುಟ್ಟುತ್ತದೆ.
ಮಾಡಿ ತೋರಿಸಿದೆ.
ಅವಳು ಪರದೆಯ ಹಿಂದೆ ಬಗ್ಗಿ ನೋಡಿದಳು,
ಯಾರೋ ಅಡಗಿ ಕೂತಿದ್ದಾರೇನೋ ಎಂಬಂತೆ.

ಆಮೇಲೆ, ಖಾಲಿ ಲೋಟ ಎತ್ತಿಕೊಳ್ಳುತ್ತಾ,
'ಹಂಗಾದ್ರೆ ಹಸಿರಿನ ಮೇಲಿಂದ ಸುತ್ತಿ ಹೋಗು.
ಕಲ್ಯಾಣದುರ್ಗಕ್ಕೆ ನೆಟ್ಟನೆ ರೋಡು ಕೆಟ್ಟಿದ್ರೆ
ಯಾರು ಹೋಗ್ತಾರೆ ಅದ್ರಾಗೆ?'

ಚಕ್ರದ ಅಂಚಿಗೆ ಸರಿದು
ನಡುವೆ ಒಂದು ನವಿಲುಗರಿ ಇಟ್ಟೆ,
ಅದರಾಚೆ ಹುಣಸೆಯ ಚಿಗುರು,
ಅದರಾಚೆ ಇನ್ನೂ ಹಣ್ಣಾಗದ ನಿಂಬೆ.
ಬೂದು ಹೋಯಿತು.
ತಗಡಿನ ಕೋಣೆ ಒಂದು ಡಿಗ್ರಿ ತಣ್ಣಗಾಯಿತೆಂದು
ಬೇಕಾದರೆ ಆಣೆ ಮಾಡುತ್ತೇನೆ.

ಸಂಜೆ ತಿಪ್ಪೇಸ್ವಾಮಿ ಬಂದ, ನೋಡಿದ, ತಲೆ ಕೆರೆದ.
'ಚೆಂದ ಐತೆ.
ಆದ್ರೆ ಹಸಿರು ಪ್ಯಾಂಟು ನಾವು ಹೊಲಿಯಂಗಿಲ್ಲವಲ್ಲಮ್ಮ.'

ಈಗ ರಾತ್ರಿ. ಮಿಷನ್ನುಗಳು ನಿಂತಿವೆ.
ಮೇಜಿನ ಮೇಲೆ ಅವನು ಬಿಟ್ಟುಹೋದ ಸ್ಯಾಂಪಲ್ ಪ್ಯಾಂಟು.
ಜೇಬಿನ ಅಂಚನ್ನು ಮಗುಚಿ ದೀಪಕ್ಕೆ ಹಿಡಿದೆ.
ನೀಲಿ ನೀಲಿಯಾಗಿಯೇ ಇದೆ.
ಹಳದಿ ಮುಳುಗುತ್ತದೆ, ಏಳುತ್ತದೆ,
ಮುಳುಗುತ್ತದೆ, ಏಳುತ್ತದೆ,
ಅಂಗುಲಕ್ಕೆ ಎಂಟು ಸಲ.
ಎಳೆದು ನೋಡಿದೆ. ಬಿಡಲಿಲ್ಲ.

ಗ್ರೇಡಿಯೆಂಟನ್ನು ಅಳಿಸಿದೆ.
ಇಡೀ ಪುಟ ನೀಲಿ,
ಅದರ ಮೇಲೆ ಬಿಟ್ಟು ಬಿಟ್ಟು ಒಂದು ಹಳದಿ ಗೆರೆ,
ಒಂದು ಹೊಲಿಗೆ ಮಾತ್ರ ಬೇಕೆಂದೇ ಓರೆ,
ಮಾಬುನ್ನಿ ತನ್ನದೆಂದು ಗುರುತಿಸಿ ಬೈಯಲಿ ಅಂತ.

ಆ ಎಂಬತ್ತರ ಬೂದನ್ನು ಎಸೆಯಲು ಮನಸ್ಸಾಗಲಿಲ್ಲ.
ತೀರಾ ಕೆಳಗೆ, ವಿಳಾಸ ಬರೆಯುವಲ್ಲಿ,
ಅಕ್ಷರಗಳಿಗೆ ಅದನ್ನೇ ಕೊಟ್ಟೆ:
ರಾಯದುರ್ಗ, ಅನಂತಪುರ ಜಿಲ್ಲೆ.
ಒಮ್ಮೆ ತೆಲುಗಿನಲ್ಲಿ, ಒಮ್ಮೆ ಕನ್ನಡದಲ್ಲಿ.
ಹತ್ತಿರ ಬಗ್ಗಿ ನೋಡಿದವರಿಗೆ
ಕಾಣುತ್ತದೆ.